ಸಾಲಗಾಮೆಗೆ ಬಂದ ಷೇರುಪೇಟೆ

ಬೆಂಗಳೂರಿನಲ್ಲಿ 1963ರಲ್ಲಿಯೂ ಮಂಗಳೂರಿನಲ್ಲಿ 1984ರಲ್ಲಿಯೂ ಷೇರು ವಿನಿಮಯ ಕೇಂದ್ರಗಳು ಸ್ಥಾಪಿತವಾಗಿದ್ದರೂ, ಸಾಲಗಾಮೆಯಂತಹ ಹೋಬಳಿಯವರಿಗೆ ಆ ವ್ಯವಹಾರವು ಬಹುಕಾಲ ಪರದೇಶವಾಗಿಯೇ ಉಳಿದಿದ್ದಿತು. ಕೊಂಡ ಬೆಲೆ ಎಷ್ಟೆಂಬುದನ್ನು ದಲ್ಲಾಳಿಯ ಬಾಯಿಂದಲೇ ತಿಳಿಯಬೇಕಾಗಿದ್ದಿತು. ವರ್ಗಾವಣೆಗೆಂದು ಅಂಚೆಯಲ್ಲಿ ಕಳುಹಿಸಿದ ಷೇರುಪತ್ರವು, ಸಹಿ ತಾಳೆಯಾಗಲಿಲ್ಲವೆಂಬ ಷರಾ ಹೊತ್ತು ತಿಂಗಳಾದ ಮೇಲೆ ಹಿಂದಿರುಗುತ್ತಿದ್ದುದೂ ಉಂಟು.

ದಲ್ಲಾಳಿ ಹರ್ಷದ್ ಮೆಹ್ತಾನ ಷೇರು ಹಗರಣವು ದೇಶವನ್ನು ತಲ್ಲಣಗೊಳಿಸಿದ 1992ರಲ್ಲಿಯೇ, ದಲ್ಲಾಳಿಗಳ ಒಡೆತನಕ್ಕೆ ಹೊರತಾಗಿ, ಐಡಿಬಿಐ ಮೊದಲಾದ ಹಣಕಾಸು ಸಂಸ್ಥೆಗಳಿಂದ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರವು ಜನ್ಮ ತಳೆಯಿತು. 1994ರ ನವೆಂಬರಿನಲ್ಲಿ ಷೇರು ವಹಿವಾಟನ್ನು ಆರಂಭಿಸಿದ ಅದು, ಉಪಗ್ರಹದ ಮೂಲಕ ದೂರದೂರದ ಊರುಗಳ ಗಣಕಯಂತ್ರಗಳನ್ನು ಕೊಳ್ಳುವ ಮಾರುವ ಬೇಡಿಕೆಗಳ ಒಂದೇ ಪಟ್ಟಿಗೆ ಜೋಡಿಸಿತು. ಹೆಚ್ಚು ಬೆಲೆ ಕೂಗಿದ ಗ್ರಾಹಕನಿಗೆ ಮೊದಲು, ಬೆಲೆ ಸಮವಾದರೆ ಮುಂಚೆ ಬಂದವನಿಗೆ ಮೊದಲು. ಕೊಳ್ಳುವವನ ಹೆಸರಾಗಲಿ ಅಂತಸ್ತಾಗಲಿ ಆ ಯಂತ್ರಕ್ಕೆ ಗೋಚರಿಸದು. 1996ರಲ್ಲಿ, ಷೇರುಗಳನ್ನು ಗಣಕೀಕೃತ ಖಾತೆಯಲ್ಲಿಡುವ ಡಿಮ್ಯಾಟ್ ವ್ಯವಸ್ಥೆಯು ಬಂದು ಕಾಗದದ ಕಾಟವೂ ಕ್ರಮೇಣ ತೊಲಗಿತು. ಸ್ವತಂತ್ರ ಭಾರತದ ಆರ್ಥಿಕ ಸಂಸ್ಥೆಗಳಲ್ಲಿ ಸಾಮಾನ್ಯನಿಗೆ ಇಷ್ಟು ಸಮಾನವಾದ ಸ್ಥಾನವನ್ನು ಕೊಟ್ಟವು ವಿರಳವೆಂದೇ ನನ್ನ ದೃಢವಾದ ಅಭಿಪ್ರಾಯ.

ಈ ಪ್ರವಾಹದಲ್ಲಿ ಪ್ರಾಂತೀಯ ಕೇಂದ್ರಗಳು ಬತ್ತಿದವು. ಮಂಗಳೂರಿನದು 2004ರಲ್ಲಿ ಮಾನ್ಯತೆಯನ್ನು ಕಳೆದುಕೊಂಡಿತು, ಬೆಂಗಳೂರಿನದು 2014ರಲ್ಲಿ ನಿರ್ಗಮಿಸಿತು. ಅವುಗಳಿಗಾಗಿ ಶೋಕಿಸಬೇಕಾಗಿಲ್ಲ.

ಶೋಚನೀಯವಾದುದು ಬೇರೆ. ಅರಕಲಗೂಡಿನ ರಾಮನಾಥಪುರದ ಹೊಗೆಸೊಪ್ಪಿನ ಹರಾಜಿನಲ್ಲಿ ಬೇಲು ಕಣ್ಣೆದುರೇ ಇರುತ್ತದೆ. ಕೊಳ್ಳುವವನು ಎಲೆಯನ್ನು ಮುಟ್ಟಿ ನೋಡುತ್ತಾನೆ, ಬೆಲೆ ಒಪ್ಪದ ಬೆಳೆಗಾರನು ಮಾರದೆ ಇರಬಲ್ಲನು. ಮೊಬೈಲಿನಲ್ಲಿ ಫ್ಯೂಚರ್ಸ್, ಆಪ್ಷನ್ಸ್‌ಗಳಿಗೆ ಹಣವನ್ನು ಸುರಿಯುವ ನಮ್ಮ ತರುಣನಿಗಾದರೋ, ತಾನು ಕೊಂಡುದು ವಸ್ತುವಲ್ಲ, ಕೆಲವೇ ದಿನಗಳಲ್ಲಿ ಅವಧಿ ಮುಗಿಯುವ ಕರಾರು ಮಾತ್ರವೆಂಬ ಅರಿವೇ ಎಷ್ಟೋ ವೇಳೆ ಇರುವುದಿಲ್ಲ. 2022ರಿಂದ 2024ರವರೆಗಿನ ಮೂರು ಆರ್ಥಿಕ ವರ್ಷಗಳಲ್ಲಿ ಇಂತಹ ವ್ಯವಹಾರಕ್ಕಿಳಿದ ವ್ಯಕ್ತಿಗಳ ಪೈಕಿ ಶೇಕಡಾ 93 ಮಂದಿ ನಷ್ಟ ಹೊಂದಿದರೆಂದೂ, ಒಟ್ಟು ನಷ್ಟವು 1.8 ಲಕ್ಷ ಕೋಟಿ ರೂಪಾಯಿಗಳನ್ನು ಮೀರಿತೆಂದೂ ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ ಅಧ್ಯಯನವೇ ಹೇಳಿದೆ.

ಆ ಬಳಿಕ ಸೆಬಿಯು ಸೂಚ್ಯಂಕಗಳ ಮೇಲಿನ ಕರಾರಿನ ಕನಿಷ್ಠ ಮೌಲ್ಯವನ್ನು 15 ಲಕ್ಷ ರೂಪಾಯಿಗಳಿಗೇರಿಸಿದ್ದು ಯುಕ್ತವೇ, ಆದರೆ ಸಾಲದು. ಪ್ರತಿಯೊಂದು ವಹಿವಾಟಿನಿಂದಲೂ ಶುಲ್ಕ ಪಡೆಯುವ ವಿನಿಮಯ ಕೇಂದ್ರವು, ಆ ಶುಲ್ಕದ ಒಂದಂಶವನ್ನು ತೆಗೆದಿರಿಸಿ, ಇಂತಹ ಖಾತೆ ತೆರೆಯುವ ಮೊದಲು ಕನ್ನಡದಲ್ಲಿಯೇ ಪಾಠವನ್ನೂ ಪರೀಕ್ಷೆಯನ್ನೂ ಏರ್ಪಡಿಸಲಿ; ಉತ್ತೀರ್ಣನಾಗದವನಿಗೆ ಷೇರನ್ನು ಕೊಳ್ಳುವ ಬಾಗಿಲು ತೆರೆದಿರಲಿ, ಕರಾರಿನ ಬಾಗಿಲು ಮುಚ್ಚಿರಲಿ.