ಹಕ್ಕಿಗೆ ಬಹುಮತದ ಅಪ್ಪಣೆ ಬೇಕಿಲ್ಲ

ಮಾನವ ಹಕ್ಕುಗಳನ್ನು ಆಯಾ ದೇಶದ ಜನಾಭಿಪ್ರಾಯವೇ ತೀರ್ಮಾನಿಸಲಿ ಎಂಬ ಕಳೆದ ಸಂಚಿಕೆಯ ಲೇಖನದ ವಾದವನ್ನು ನಾನು ಖಂಡಿಸುತ್ತೇನೆ. ಜನರ ತೀರ್ಪಿಗೆ ಮಾದರಿಯೆಂದು ಲೇಖಕರು ಕೊಂಡಾಡಿದ ಸ್ವಿಟ್ಜರ್ಲೆಂಡನ್ನೇ ನೋಡಿ. ಮಹಿಳೆಯರಿಗೆ ಮತದಾನದ ಹಕ್ಕು ಬೇಕೇ ಎಂದು 1959ರಲ್ಲಿ ಅಲ್ಲಿ ಜನಮತಗಣನೆ ನಡೆಯಿತು. ಮತ ಹಾಕಿದವರು ಗಂಡಸರು ಮಾತ್ರ. ಅವರಲ್ಲಿ ಸುಮಾರು ಮೂರನೇ ಎರಡರಷ್ಟು ಮಂದಿ ಬೇಡವೆಂದರು. ಯಾರ ಹಕ್ಕಿನ ಪ್ರಶ್ನೆಯೋ ಅವರನ್ನೇ ಹೊರಗಿಟ್ಟು ಎಣಿಸಿದ್ದು ಯಾವ ಸೀಮೆಯ ಜನಾಭಿಪ್ರಾಯ? 1971ರಲ್ಲಿ ದೇಶ ಒಪ್ಪಿತು. ಆದರೂ ಆಪೆನ್‌ಝೆಲ್ ಇನ್ನರ್‌ರೋಡನ್ ಪ್ರಾಂತ್ಯದ ಗಂಡಸರು ಪ್ರಾಂತೀಯ ಮತದಾನದಿಂದ ಹೆಂಗಸರನ್ನು ದೂರವೇ ಇಟ್ಟರು. 1990ರ ಏಪ್ರಿಲ್‌ನಲ್ಲೂ ಬಯಲಲ್ಲಿ ಸೇರಿ, ಕೈಯೆತ್ತಿ ನಿರಾಕರಿಸಿದರು. ಅದೇ ವರ್ಷದ ನವೆಂಬರ್‌ನಲ್ಲಿ ಫೆಡರಲ್ ನ್ಯಾಯಾಲಯವೇ ಆ ಹಕ್ಕನ್ನು ಕೊಡಿಸಬೇಕಾಯಿತು. ಬದುಕುವ ಹಕ್ಕಿನ ವಿಷಯದಲ್ಲೂ ಹಾಗೆಯೇ: ಫ್ರಾನ್ಸ್ 1981ರಲ್ಲಿ ಮರಣದಂಡನೆ ರದ್ದು ಮಾಡಿದಾಗಲೂ ಅಲ್ಲಿನ ಹೆಚ್ಚಿನ ಜನ ಅದು ಇರಲೆಂದೇ ಬಯಸಿದ್ದರು.

ನಮ್ಮಲ್ಲೂ 2013ರಲ್ಲಿ ಸುಪ್ರೀಂ ಕೋರ್ಟ್, ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಸೆಕ್ಷನ್ ಎತ್ತಿಹಿಡಿಯುವಾಗ ಸಲಿಂಗಿಗಳ ಸಂಖ್ಯೆ ತೀರಾ ಅಲ್ಪವೆಂದಿತ್ತು. ತಲೆ ಎಣಿಸಿ ನ್ಯಾಯ ಅಳೆದ ಆ ತೀರ್ಪು ನನ್ನನ್ನು ಇಂದಿಗೂ ನೋಯಿಸುತ್ತದೆ. 2018ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಒಮ್ಮತದಿಂದ ತಳ್ಳಿಹಾಕಿತು.

ಸಮೀಕ್ಷೆಗಳು ನಡೆಯಲಿ, ಜನರ ಮನಸ್ಸು ತಿಳಿಯಲಿ. ಆದರೆ ಮೂಲಭೂತ ಹಕ್ಕಿಗಾಗಿ ಸಂವಿಧಾನದ 32ನೇ ವಿಧಿ ಸುಪ್ರೀಂ ಕೋರ್ಟಿನ ಬಾಗಿಲನ್ನು ಒಬ್ಬಂಟಿಗೂ ತೆರೆದಿಟ್ಟಿದೆ. ನಿನ್ನ ಹಿಂದೆ ಎಷ್ಟು ಜನರಿದ್ದಾರೆ ಎಂದು ಅದು ಕೇಳುವುದಿಲ್ಲ.