ಲಿಂಕನ್ನರ ಆಜ್ಞೆ, ಗದುಗಿನ ಹತ್ತಿ

ಅಮೆರಿಕೆಯ ಅಧ್ಯಕ್ಷ ಅಬ್ರಹಾಂ ಲಿಂಕನ್ನರ ರಾಜಕೀಯ ಜೀವನಕ್ಕೂ ಗದಗ-ಬೆಟಗೇರಿ, ಮುಂಡರಗಿಗಳ ಎರೆಭೂಮಿಗೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಸಂಬಂಧವುಂಟು, ಅದು ಹತ್ತಿಯ ಎಳೆಯಷ್ಟೇ ಸಣ್ಣದು, ಅಷ್ಟೇ ಉದ್ದವಾದುದು.

ಕೆಂಟಕಿ ಪ್ರಾಂತದ ಬಡ ಕೃಷಿಕರ ಮನೆಯಲ್ಲಿ 1809ರಲ್ಲಿ ಜನಿಸಿದ ಲಿಂಕನ್ನರು 1832ರ ತಮ್ಮ ಮೊದಲ ಚುನಾವಣೆಯಲ್ಲಿಯೇ ಸೋತರು. 1834ರಲ್ಲಿ ಇಲಿನಾಯ್ ಶಾಸನಸಭೆಗೆ ಆಯ್ಕೆಯಾಗಿ ನಾಲ್ಕು ಅವಧಿಗಳವರೆಗೆ ದುಡಿದರು. 1847ರಿಂದ ಎರಡು ವರ್ಷ ರಾಷ್ಟ್ರದ ಪ್ರತಿನಿಧಿಸಭೆಯಲ್ಲಿದ್ದರು. ಗುಲಾಮಗಿರಿಯು ಹೊಸ ಪ್ರದೇಶಗಳಿಗೆ ಹಬ್ಬಕೂಡದೆಂದು ವಾದಿಸಿ 1858ರಲ್ಲಿ ಸೆನೆಟ್ ಸ್ಥಾನಕ್ಕೆ ಸ್ಪರ್ಧಿಸಿದಾಗ ಪುನಃ ಸೋಲು. ನಮ್ಮ ಮುಂಡರಗಿ ಭೀಮರಾಯರು ಇಂಗ್ಲಿಷರೊಡನೆ ಕಾದಾಡಿ ಕೊಪ್ಪಳದ ಕೋಟೆಯಲ್ಲಿ ಮಡಿದದ್ದೂ ಅದೇ ವರ್ಷ. ಸೋತರೂ ಲಿಂಕನ್ನರು ತಮ್ಮ ಮಾತನ್ನು ಬದಲಿಸಲಿಲ್ಲ. 1860ರಲ್ಲಿ ಅವರು ಅಧ್ಯಕ್ಷರಾಗಿ ಚುನಾಯಿತರಾದೊಡನೆ ದಕ್ಷಿಣದ ರಾಜ್ಯಗಳು ಒಕ್ಕೂಟದಿಂದ ಸಿಡಿದವು. 1861ರ ಏಪ್ರಿಲ್‌ನಲ್ಲಿ ಅಂತರ್ಯುದ್ಧ ಆರಂಭವಾಯಿತು.

ಆ ತಿಂಗಳ 19ರಂದು ಲಿಂಕನ್ನರು ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ವಿಧಿಸಿದರು. ಗುಲಾಮರು ಬೆಳೆದ ಹತ್ತಿಯನ್ನೇ ನಂಬಿದ್ದ ಇಂಗ್ಲೆಂಡಿನ ಗಿರಣಿಗಳು ಭಾರತದತ್ತ ತಿರುಗಿದವು. ಧಾರವಾಡ ಸೀಮೆಯಲ್ಲಿ 1840ರ ದಶಕದಿಂದಲೇ ಅಮೆರಿಕನ್ ಬೀಜ ನೆಲೆಯೂರಿತ್ತು. ಜವಾರಿ ಹತ್ತಿಗಿಂತ ಭಿನ್ನವಾದ ಈ ವಿಲಾಯ್ತಿ ಹತ್ತಿಗೆ ಗದಗ, ಡಂಬಳಗಳ ಕರಿನೆಲ ಚೆನ್ನಾಗಿ ಒಗ್ಗಿತ್ತು. ಬೆಲೆ ಹಲವು ಪಟ್ಟು ಏರಿತು. ಲಕ್ಷ್ಮೇಶ್ವರ, ಶಿರಹಟ್ಟಿಗಳು ಆಗ ಪಟವರ್ಧನರ ಸಂಸ್ಥಾನಗಳಿಗೆ ಸೇರಿದ್ದವು. ಆದರೆ ಪೇಟೆಯ ಧಾರಣೆಗೆ ಸಂಸ್ಥಾನದ ಗಡಿ ಅಡ್ಡಬಾರದು. ಕಾರವಾರ ಬಂದರಿನಿಂದ ಹತ್ತಿ ಸಾಗಿಸುವ ಅನುಕೂಲಕ್ಕಾಗಿ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ಲಾಭದೊಡನೆ ಲೋಭವೂ ಬೆಳೆಯಿತು. ಹತ್ತಿಯ ಕಲಬೆರಕೆ ತಡೆಯಲು 1863ರಲ್ಲಿ ಮುಂಬಯಿ ಸರಕಾರವು ಕಾನೂನನ್ನೇ ಮಾಡಬೇಕಾಯಿತು.

ಇತ್ತ ಹಣ ಹರಿಯುತ್ತಿರಲು, ಅತ್ತ ಲ್ಯಾಂಕಷೈರಿನ ಗಿರಣಿಗಳು ನಿಂತು ಕಾರ್ಮಿಕರು ಹಸಿದಿದ್ದರು. ಆದರೂ 1862ರ ಕೊನೆಯಲ್ಲಿ ಮ್ಯಾಂಚೆಸ್ಟರಿನ ಕಾರ್ಮಿಕರು ಸಭೆ ಸೇರಿ, ಗುಲಾಮಗಿರಿಯ ವಿರುದ್ಧ ನಿಂತ ಲಿಂಕನ್ನರಿಗೆ ಬೆಂಬಲದ ಪತ್ರ ಬರೆದರು. 1863ರ ಜನವರಿ 1ರಂದು ದಂಗೆಯೆದ್ದ ರಾಜ್ಯಗಳ ಗುಲಾಮರನ್ನು ಮುಕ್ತರೆಂದು ಸಾರಿದ ಲಿಂಕನ್ನರು ಅದೇ ತಿಂಗಳು ಅವರಿಗೆ ಕೃತಜ್ಞತೆಯ ಉತ್ತರವಿತ್ತರು. ತಮ್ಮ ಒಲೆ ಆರಿದರೂ ಪರರ ಬಿಡುಗಡೆಯನ್ನು ಬಯಸಿದ ಆ ಬಡವರನ್ನು ನೆನೆಯದೆ ಲಿಂಕನ್ನರ ಕಥೆ ಪೂರ್ಣವಾಗದು.

1864ರಲ್ಲಿ ಲಿಂಕನ್ನರು ಮತ್ತೆ ಗೆದ್ದರು. 1865ರ ಏಪ್ರಿಲ್‌ನಲ್ಲಿ ದಕ್ಷಿಣದ ಮುಖ್ಯ ಸೇನೆ ಶರಣಾಯಿತು; 14ರಂದು ಗುಂಡೇಟು ತಿಂದ ಅವರು ಮರುದಿನ ಪ್ರಾಣಬಿಟ್ಟರು. ಯುದ್ಧ ಮುಗಿದೊಡನೆ ಹತ್ತಿಯ ಬೆಲೆ ಕುಸಿಯಿತು. ಜುಲೈ ತಿಂಗಳಲ್ಲಿ ಮುಂಬಯಿಯ ದೊಡ್ಡ ದೊಡ್ಡ ವ್ಯಾಪಾರಿಗಳೇ ದಿವಾಳಿಯೆದ್ದರು. ಏರಿದ ಧಾರಣೆಯನ್ನು ಶಾಶ್ವತವೆಂದು ನಂಬಿದ್ದ ರೈತರ ಪಾಡು ಹೇಳತೀರದು. 1876-78ರ ಭೀಕರ ಬರಗಾಲ ಬಂದಾಗ ಆ ಹಣ ಎಷ್ಟು ಮನೆಗಳಲ್ಲಿ ಉಳಿದಿತ್ತು?

ಪರರ ಯುದ್ಧದಿಂದ ಬಂದ ಸಿರಿ ಯುದ್ಧದೊಡನೆಯೇ ಹೋಯಿತು. ಸೋಲಿನಲ್ಲಿಯೂ ಬಿಡದ ನ್ಯಾಯದ ಮಾತು ಉಳಿಯಿತು. ಹತ್ತಿಗೆ ಬೆಲೆ ಬಂದ ವರ್ಷ ನಮ್ಮ ಮನೆಗಳಲ್ಲಿ ಹಿರಿಯರು ಮಕ್ಕಳಿಗೆ ಈ ಎರಡನ್ನೂ ತಿಳಿಹೇಳುವುದು ಲೇಸು.