ಕಿಟೋ ಗೊತ್ತು, ಮಡಿಕೇರಿ ಗೊತ್ತಿಲ್ಲ!

ನಮ್ಮ ಟೀಮಿನ ಗೆಳೆಯನೊಬ್ಬ ಮೊನ್ನೆ ದಕ್ಷಿಣ ಅಮೆರಿಕಾ ಸುತ್ತಿ ಬಂದ. ಈಕ್ವೆಡಾರ್ ದೇಶದ ರಾಜಧಾನಿ ಕಿಟೋದಲ್ಲಿ ನಾಲ್ಕು ದಿನ ಇದ್ದನಂತೆ. ಟೀ ಬ್ರೇಕಿಗೆ ಶುರುವಾದ ಅವನ ಕಥೆ ಮುಗಿಯುವಷ್ಟರಲ್ಲಿ ಟೀ ತಣ್ಣಗಾಗಿತ್ತು, ಒಂದು ಮೀಟಿಂಗೂ ತಪ್ಪಿತ್ತು :)

ಊರು ಇರುವುದೇ 2,850 ಮೀಟರ್ ಎತ್ತರದಲ್ಲಿ. ಮೊದಲ ದಿನ ನಾಲ್ಕು ಮೆಟ್ಟಿಲು ಹತ್ತಿದರೂ ಏದುಸಿರು. ಅದಕ್ಕೇ ಹೋಗುವ ಮುಂಚೆ ಡಾಕ್ಟರ್ ಹತ್ತಿರ ಕೇಳಿಕೊಂಡು, ಮೊದಲ ದಿನ ಏನೂ ಪ್ಲಾನ್ ಇಟ್ಟುಕೊಳ್ಳದೆ, ನೀರು ಕುಡಿಯುತ್ತಾ ನಿಧಾನಕ್ಕೆ ಓಡಾಡಿದನಂತೆ. 1534ರಲ್ಲಿ ಸ್ಪೇನಿನವರು ಕಟ್ಟಿದ ಊರು, ಅದಕ್ಕೂ ಮೊದಲು ಅಲ್ಲಿ ಇಂಕಾಗಳಿದ್ದರು, 1978ರಲ್ಲಿ ಯುನೆಸ್ಕೋ ಮಾಡಿದ ಮೊಟ್ಟಮೊದಲ ವಿಶ್ವಪರಂಪರೆ ಪಟ್ಟಿಯಲ್ಲೇ ಹಳೆ ಕಿಟೋ ಇತ್ತು... ಎಲ್ಲಾ ಬಾಯಿಪಾಠ. ಸಮಭಾಜಕ ವೃತ್ತದ ಮೇಲೆ ಕಟ್ಟಿದ್ದೇವೆ ಅಂತ ತೋರಿಸುವ ದೊಡ್ಡ ಸ್ಮಾರಕ ಅಸಲಿ ಗೆರೆಯಿಂದ ಸುಮಾರು 240 ಮೀಟರ್ ಆಚೆಗಿದೆ ಅನ್ನುವುದೂ ಅವನಿಗೆ ಗೊತ್ತು.

ಖುಷಿಯಾಯಿತು. ಹಾಗೇ ಸುಮ್ಮನೆ ಕೇಳಿದೆ, "ಮಡಿಕೇರಿಗೆ ಎಷ್ಟು ಸಲ ಹೋಗಿದ್ದೀಯ?"

"ಲೆಕ್ಕ ಇಲ್ಲ ಮಗಾ, ಐದಾರು ಸಲ ಇರಬಹುದು."

"ಅದೂ ರಾಜಧಾನಿ ಗೊತ್ತಾ?"

"ಮಡಿಕೇರಿನಾ? ಅದು ಹಿಲ್ ಸ್ಟೇಷನ್ ಅಲ್ವಾ?"

ಅವನನ್ನು ಆಡಿಕೊಳ್ಳೋದಕ್ಕೆ ಇದನ್ನು ಬರೆಯುತ್ತಿಲ್ಲ. ಬ್ಲಾಗಿಗರೇ, ತಪ್ಪು ನಮ್ಮದೂ ಇದೆ. ನಾವು ಬರೆದ ಮಡಿಕೇರಿ ಪ್ರವಾಸಕಥನಗಳನ್ನೇ ಒಮ್ಮೆ ತೆಗೆದು ನೋಡಿ. ಬೆಳಗಿನ ಜಾವ ಐದಕ್ಕೆ ಬೆಂಗಳೂರು ಬಿಟ್ಟೆವು, ದಾರಿಯಲ್ಲಿ ತಟ್ಟೆ ಇಡ್ಲಿ ತಿಂದೆವು, ಅಬ್ಬಿ ಜಲಪಾತ, ಮಾಂದಲಪಟ್ಟಿಗೆ ಜೀಪು, ಕಾಲಿಗೆ ಜಿಗಣೆ, ಹೋಂಸ್ಟೇ ಆಂಟಿ ಮಾಡಿದ ಕಡಂಬುಟ್ಟು, ರಾಜಾ ಸೀಟಿನಲ್ಲಿ ಸೂರ್ಯಾಸ್ತ, ಬರುವಾಗ ಚಿನ್ನದ ಗುಡಿ. ಮುಗೀತು. (ಅಂದಹಾಗೆ ಆ ಚಿನ್ನದ ಗುಡಿ ಇರುವ ಬೈಲಕುಪ್ಪೆ ಮೈಸೂರು ಜಿಲ್ಲೆಗೆ ಸೇರಿದ್ದು!) ರಾಜಾ ಸೀಟು ಅಂತ ನೂರು ಸಲ ಬರೆದ ನಾವು ಯಾವ ರಾಜ ಅಂತ ಒಂದು ಸಲವೂ ಕೇಳಲಿಲ್ಲ.

ನನ್ನ ವಾದ ಇಷ್ಟೇ. ಮಡಿಕೇರಿಯನ್ನು ನಾವು ಊರು ಅಂತ ನೋಡುವುದನ್ನೇ ಬಿಟ್ಟಿದ್ದೇವೆ, ಅದು ನಮಗೆ ಬರೀ ಒಂದು 'ವ್ಯೂ'. ವ್ಯೂಗೆ ಹೋದವನು ಗಿರಾಕಿಯಾಗುತ್ತಾನೆ, ಊರಿಗೆ ಹೋದವನು ನೆಂಟನಾಗುತ್ತಾನೆ. ಗಿರಾಕಿ ನಡೆದುಕೊಳ್ಳುವ ರೀತಿಗೂ ನೆಂಟ ನಡೆದುಕೊಳ್ಳುವ ರೀತಿಗೂ ಇರುವ ವ್ಯತ್ಯಾಸವನ್ನು ಈಗ ಆ ಬೆಟ್ಟ ಅನುಭವಿಸುತ್ತಿದೆ.

ಹಾಲೇರಿ ಮನೆತನದ ಮುದ್ದುರಾಜ 1681ರಲ್ಲಿ ರಾಜಧಾನಿಯನ್ನು ಇಲ್ಲಿಗೆ ತಂದ. ಮುದ್ದುರಾಜನ ಕೇರಿಯೇ ಮಡಿಕೇರಿ ಆಯಿತು ಅನ್ನುತ್ತಾರೆ. ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲೆ, ಮಳೆ ಮಂಜಿನ ನಡುವೆ ಒಂದು ರಾಜಧಾನಿ! ಕೋಟೆಯನ್ನು ಆಮೇಲೆ ಟಿಪ್ಪು ಕಲ್ಲಿನಲ್ಲಿ ಕಟ್ಟಿಸಿ ಊರಿಗೆ ಜಾಫರಾಬಾದ್ ಅಂತ ಹೆಸರಿಟ್ಟ, ಹೆಸರು ನಿಲ್ಲಲಿಲ್ಲ. ಓಂಕಾರೇಶ್ವರ ದೇವಸ್ಥಾನ 1820ರಲ್ಲಿ ಎರಡನೇ ಲಿಂಗರಾಜೇಂದ್ರ ಕಟ್ಟಿಸಿದ್ದು. ಶಿವನ ಗುಡಿಗೆ ಮಸೀದಿಯಂಥ ಗುಮ್ಮಟ. ರಾಜರ ಸಮಾಧಿಗಳಿರುವ ಗದ್ದಿಗೆಯಲ್ಲೂ ಅದೇ ಗುಮ್ಮಟ, ಮಿನಾರುಗಳು. ಲಿಂಗಾಯತ ಅರಸರ ಗದ್ದಿಗೆ ಹೀಗೂ ಇರಬಹುದು ಅಂತ ಜಗಳೂರಿನ ನನಗೆ ನೋಡುವತನಕ ಗೊತ್ತಿರಲಿಲ್ಲ.

1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ನುಂಗಿದರು. (ಮಾಸ್ತಿಯವರಿಗೆ ಜ್ಞಾನಪೀಠ ತಂದುಕೊಟ್ಟ ಕಾದಂಬರಿ ಈ ಅರಸನ ಮೇಲಿನದೇ.) ಮೂರೇ ವರ್ಷಕ್ಕೆ ಸುಳ್ಯದ ಕಡೆಯಿಂದ ದಂಗೆ ಎದ್ದಿತು. 1837ರ ಅಕ್ಟೋಬರ್ 31ರಂದು ಗುಡ್ಡೆಮನೆ ಅಪ್ಪಯ್ಯಗೌಡರನ್ನು ಇದೇ ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು. ಆ ಕೋಟೆಯ ಕಲ್ಲಾನೆ ಮುಂದೆ ನಿಂತು ನಾವು ಎರಡು ಬೆರಳು ಎತ್ತಿ ಫೋಟೋ ತೆಗೆಸಿಕೊಳ್ಳುತ್ತೇವೆ.

ಅಷ್ಟಕ್ಕೇ ಮುಗಿಯಲಿಲ್ಲ. ಸ್ವಾತಂತ್ರ್ಯ ಬಂದ ಮೇಲೂ ಮಡಿಕೇರಿ ರಾಜಧಾನಿಯೇ. 1952ರಲ್ಲಿ ಕೊಡಗಿಗೆ ಅದರದೇ 24 ಸದಸ್ಯರ ವಿಧಾನಸಭೆ, ಅದರದೇ ಮುಖ್ಯಮಂತ್ರಿ ಸಿ.ಎಂ. ಪೂಣಚ್ಚ. 1956ರ ನವೆಂಬರ್ 1ಕ್ಕೆ ಆ ಪುಟ್ಟ ರಾಜ್ಯ ಮೈಸೂರು ರಾಜ್ಯದೊಳಗೆ ಸೇರಿಕೊಂಡಿತು. ನಾವು ರಾಜ್ಯೋತ್ಸವ ಅಂತ ಬಾವುಟ ಹಾರಿಸುವ ದಿನವೇ ಒಂದು ಊರು ರಾಜಧಾನಿ ಪಟ್ಟ ಬಿಟ್ಟುಕೊಟ್ಟ ದಿನ. ಏಕೀಕರಣ ಬೇಕಿತ್ತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಬಿಟ್ಟುಕೊಟ್ಟವರ ಮನೆಗೆ ಹೋದಾಗ ಅಷ್ಟಾದರೂ ನೆನಪಿರಬೇಡವೇ?

"ರಿಲ್ಯಾಕ್ಸ್ ಆಗೋಕೆ ಹೋಗ್ತೀವಿ ಗುರು, ಹಿಸ್ಟರಿ ಎಕ್ಸಾಮ್ ಬರೆಯೋಕಲ್ಲ" ಅಂತ ಯಾರಾದರೂ ಅಂದೇ ಅನ್ನುತ್ತೀರಿ. ಸರಿ. ಕಿಟೋಗೆ ಹೋದವನೂ ರಿಲ್ಯಾಕ್ಸ್ ಆಗೋಕೇ ಹೋಗಿದ್ದು. ಅಲ್ಲಿ ಓದಿಕೊಂಡು ಹೋದ, ಇಲ್ಲಿ ಯಾಕೆ ಇಲ್ಲ? ಟಿಕೆಟ್ಟಿಗೆ ಲಕ್ಷ ಕೊಟ್ಟ ಊರಿಗೆ ಮರ್ಯಾದೆ, ರಾತ್ರಿ ಬಸ್ಸಿಗೆ ಸಿಗುವ ಊರಿಗೆ ಹಗುರ ಮಾತು, ಅಷ್ಟೇ ತಾನೆ? ಅದನ್ನೂ 'ಭಾರತದ ಸ್ಕಾಟ್ಲೆಂಡ್' ಅಂತ ಕರೆದರೆ ಮಾತ್ರ ನಮಗೆ ಸಮಾಧಾನ.

ನಮ್ಮ ಪಕ್ಕದ ಚಿತ್ರದುರ್ಗವನ್ನೇ ತಗೊಳ್ಳಿ. 1997ರವರೆಗೆ ನಮ್ಮ ಜಗಳೂರು ಅದೇ ಜಿಲ್ಲೆಯಲ್ಲಿತ್ತು. ಶಾಲೆ ಟೂರಿನಲ್ಲಿ ಬಂದ ಎಂಥ ತುಂಟ ಹುಡುಗನೂ ಓಬವ್ವನ ಕಿಂಡಿ ಹತ್ತಿರ ಒಂದು ಕ್ಷಣ ಸುಮ್ಮನಾಗುತ್ತಾನೆ. ಯಾಕೆಂದರೆ ಅವನಿಗೆ ಕಥೆ ಗೊತ್ತು. ಕಥೆ ಗೊತ್ತಿರುವ ಜಾಗದಲ್ಲಿ ಬಾಟಲಿ ಎಸೆಯೋಕೆ ಕೈ ಸ್ವಲ್ಪ ಹಿಂಜರಿಯುತ್ತದೆ.

ಇನ್ನು ನನ್ನದೇ ತಪ್ಪು ಹೇಳಿಬಿಡುತ್ತೇನೆ. 2018ರ ಡಿಸೆಂಬರಿನಲ್ಲಿ ಇಂಜಿನಿಯರಿಂಗ್ ಫೈನಲ್ ಇಯರ್ ಟ್ರಿಪ್ಪಿಗೆ ಹೋಗಿದ್ದೆವು. ಅದೇ ವರ್ಷ ಆಗಸ್ಟಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಗುಡ್ಡಗಳು ಜಾರಿ ಜನ ಸತ್ತಿದ್ದರು, ಮನೆ ತೋಟ ಎಲ್ಲ ಹೋಗಿತ್ತು. ಮಂಗಳೂರು ರಸ್ತೆಯಲ್ಲಿ ಹಸಿರಿನ ನಡುವೆ ಕೆಂಪಗೆ ಸೀಳಿದ ಗುಡ್ಡ ಕಾಣಿಸಿತು. ಗಾಡಿ ನಿಲ್ಲಿಸಿ ಅದರ ಮುಂದೆ ಗ್ರೂಪ್ ಸೆಲ್ಫಿ ತೆಗೆದೆವು. ಟೀ ಅಂಗಡಿಯ ಅಜ್ಜ ನೋಡುತ್ತಾ ನಿಂತಿದ್ದರು. ಬೈಯಲಿಲ್ಲ. "ಅಲ್ಲಿ ಮನೆ ಇತ್ತು" ಅಂದರು, ಅಷ್ಟೇ. ಫೋಟೋ ಆ ರಾತ್ರಿಯೇ ಡಿಲೀಟ್ ಮಾಡಿದೆ. ಮಾತು ಡಿಲೀಟ್ ಆಗಲಿಲ್ಲ.

ಮಳೆ ವಿಪರೀತ ಬಂದದ್ದು ನಿಜ. ಆದರೆ ರಸ್ತೆಗೆ, ಕಟ್ಟಡಕ್ಕೆ ಅಂತ ಇಳಿಜಾರನ್ನು ಕಡಿದದ್ದೂ ಕಾರಣ ಅಂತ ಭೂವಿಜ್ಞಾನಿಗಳು ಹೇಳಿದರು. ಆ ಕಟ್ಟಡಗಳಲ್ಲಿ ನಮ್ಮ ವೀಕೆಂಡಿಗೆ ಅಂತಲೇ ಎದ್ದವೂ ಇವೆ. ನಾವು ವ್ಯೂ ಕೇಳಿದೆವು, ಅವರು ಗುಡ್ಡದ ಅಂಚು ಕಡಿದು ವ್ಯೂ ಕೊಟ್ಟರು. 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿಯೂ ಕುಸಿಯಿತು. ನಾವು ಮಾತ್ರ ಮುಂದಿನ ಲಾಂಗ್ ವೀಕೆಂಡಿಗೆ ರೂಮ್ ಹುಡುಕುತ್ತಿದ್ದೆವು.

ಹಾಗಂತ ಯಾರೂ ಹೋಗಬೇಡಿ ಅಂತಲ್ಲ. ಪ್ರವಾಸಿಗರನ್ನೇ ನಂಬಿದ ಜೀಪಿನವರು, ಹೋಟೆಲಿನವರು, ಮನೆಯಲ್ಲೇ ಅಡುಗೆ ಮಾಡಿ ಬಡಿಸುವ ಹೆಣ್ಣುಮಕ್ಕಳು ಅಲ್ಲಿದ್ದಾರೆ. ಬೊಲಿವಿಯಾದ ಲಾ ಪಾಜ್ ನೋಡಿ, ಕಿಟೋಗಿಂತಲೂ ಎತ್ತರದಲ್ಲಿದೆ. 2014ರಿಂದ ಅಲ್ಲಿ ಕೇಬಲ್ ಕಾರು ಓಡುತ್ತಿದೆ, ಮೇಲಿನ ಎಲ್ ಆಲ್ಟೋದಿಂದ ಕೆಳಗೆ ಕೆಲಸಕ್ಕೆ ಬರುವ ಜನರಿಗಾಗಿ. ಪ್ರವಾಸಿಗರೂ ಹತ್ತುತ್ತಾರೆ, ಊರಿನವರ ಪಕ್ಕದಲ್ಲೇ ಕೂರುತ್ತಾರೆ. ನಾನು ಹೇಳುತ್ತಿರುವುದೂ ಅದನ್ನೇ. ಮೊದಲು ಊರಿನವರು, ಅವರ ಪಕ್ಕದಲ್ಲಿ ನಾವು.

ಮುಂದಿನ ಸಲ ಹೋದಾಗ ಅರ್ಧ ದಿನ ಊರಿಗೆ ಕೊಡಿ. ಕೋಟೆ, ಅದರೊಳಗಿನ ಹಳೇ ಚರ್ಚಿನ ಮ್ಯೂಸಿಯಂ, ಗದ್ದಿಗೆ, ಓಂಕಾರೇಶ್ವರ ಎಲ್ಲಾ ನೋಡಿ ಆಮೇಲೆ ರಾಜಾ ಸೀಟಿಗೆ ಹೋಗಿ. ಅದೇ ಸೂರ್ಯಾಸ್ತ ಬೇರೆ ಥರ ಕಾಣಿಸದಿದ್ದರೆ ಬಂದು ನನ್ನನ್ನು ಬೈಯಿರಿ. ರೂಮ್ ಬುಕ್ ಮಾಡುವಾಗ ವೈಫೈ ಇದೆಯಾ ಅಂತ ಕೇಳುವ ಜೊತೆ ಗುಡ್ಡ ಕಡಿದು ಕಟ್ಟಿದ್ದಾ ಅಂತಲೂ ಕೇಳಿ. ಬ್ಲಾಗಿನಲ್ಲಿ ಜಿಗಣೆಗೆ ಒಂದು ಪ್ಯಾರಾ ಕೊಟ್ಟರೆ ಅಪ್ಪಯ್ಯಗೌಡರಿಗೆ ಒಂದು ಸಾಲಾದರೂ ಇರಲಿ.

ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ಅದರಲ್ಲಿ ಐದನೇ ಒಂದು ಪಾಲು ಬಿದ್ದರೂ ನಮ್ಮ ಜಗಳೂರಿನಲ್ಲಿ ಅದು ಒಳ್ಳೇ ವರ್ಷ. ಆ ಟ್ರಿಪ್ಪಿನಲ್ಲಿ ಅಪ್ಪ ಫೋನ್ ಮಾಡಿದಾಗ ಆಗಸ್ಟಿನ ಮಳೆ ಕಥೆ, ಕುಸಿದ ಗುಡ್ಡದ ಕಥೆ ಎಲ್ಲಾ ಹೇಳಿದ್ದೆ. ಆ ವರ್ಷ ನಮ್ಮ ಹೊಲದ ಮೆಕ್ಕೆಜೋಳ ಒಣಗಿತ್ತು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಳಿ ಬಂದ್ರೂ ಕಷ್ಟ, ಬರ್ಲಿಲ್ಲಂದ್ರೂ ಕಷ್ಟ ನೋಡಪಾ. ಆ ಮಂದಿ ಈಗ ಎಲ್ಲಿ ಅದಾರ?" ಅಂದರು.

ನಾಲ್ಕು ದಿನ ಅಲ್ಲೇ ಇದ್ದ ನಾವು ಹದಿನಾರು ಜನ, ಈ ಪ್ರಶ್ನೆಯನ್ನು ಒಬ್ಬರೂ ಕೇಳಿರಲಿಲ್ಲ.

ನೀವೇನಂತೀರಿ?